ಏಳನೇ ಮೆಟ್ಟಿಲಿನ ಕತೆಗಳು

ಅಜ್ಜಿಯ ಕತೆಯೊಂದರಲ್ಲಿ ಒಬ್ಬ ಹುಡುಗಿ ಬರುತ್ತಾಳೆ. ನೆರೆಮನೆಯ ಒಲೆ ತನ್ನ ಒಲೆಗಿಂತ ಚಂದ ಉರಿಯುತ್ತದೆಂದು ಸಂಕಟಪಟ್ಟು, ಅಲ್ಲಿಂದ ಒಂದು ಕೆಂಡ ಕದ್ದು, ಉಡಿಯಲ್ಲಿ ಕಟ್ಟಿಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ: "ಯಾಕ ತಂಗಿ, ನಿನ್ನ ಸೀರಿಯಿಂದ ಹೊಗಿ ಬರಾಕತ್ತೈತಿ?" ಅವಳು ಹೇಳುತ್ತಾಳೆ: "ಹೊಗಿ ಎಲ್ಲೀದು? ಮಂಜು ಬಿದ್ದೈತಲ್ಲ, ಅದು."

ಐದು ವರ್ಷದವಳಿದ್ದಾಗಿನಿಂದ ಈ ಕತೆ ಕೇಳುತ್ತ ಬಂದ ನಾನು ಕಳೆದ ವರ್ಷ ಆ ಹುಡುಗಿಯೇ ಆಗಿಬಿಟ್ಟೆ. ನನ್ನ ಉಡಿಯ ಕೆಂಡದ ಹೆಸರು ಧೃತಿ ಶೇಷಾದ್ರಿ.

ನಮ್ಮದು ಬೈಲಹೊಂಗಲದ ಕಡೆಯ ಮನೆತನ. ನಾನು ಮೂರು ವರ್ಷದವಳಿದ್ದಾಗ ಲಂಡನ್ನಿನ ಇಲ್ಫರ್ಡಿಗೆ ಬಂದೆವು. ಅಪ್ಪ, ಅವ್ವ ಇಬ್ಬರೂ ಶಿಫ್ಟಿನ ಕೆಲಸದವರು. ಹೀಗಾಗಿ ಅಂಕಿತಾ ಎಂಬ ನನ್ನನ್ನು ಬೆಳೆಸಿದ್ದು ಬಸಲಿಂಗವ್ವಜ್ಜಿ ಮತ್ತು ಅವಳ ಕತೆಗಳು. ಕತೆ ಹೇಳುವಾಗ ಅಜ್ಜಿಗೆ ಒಂದೇ ಕಟ್ಟಳೆ: ಕೇಳುವವರು ಸಾಲಿಗೊಂದು ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. "ಗ್ವಾಡಿಗೆ ಕತಿ ಹೇಳಾಕ ನನಗೇನ ಹುಚ್ಚ ಹಿಡದೈತೇನು?" ಎಂದು ಎದ್ದೇಬಿಡುತ್ತಿದ್ದಳು. ನಾನು ಹೂಂಗುಟ್ಟುವುದರಲ್ಲಿ ಎಷ್ಟು ಪಳಗಿದ್ದೆನೆಂದರೆ, ಬಾಯಿ ತನ್ನ ಪಾಡಿಗೆ ಹೂಂ ಅನ್ನುತ್ತಿರುತ್ತಿತ್ತು, ಮನಸ್ಸು ಕುದುರೆ ಏರಿ ಇನ್ನೆಲ್ಲಿಗೋ ಹೋಗಿರುತ್ತಿತ್ತು.

ಬಹುಮಟ್ಟಿಗೆ ಅದು ಹೋಗುತ್ತಿದ್ದದ್ದು ಒಂದೇ ಕಡೆ. ಬಿಳಿ ಗೋಡೆಯ ಕೋಣೆ, ಕೊರಳಲ್ಲಿ ಸ್ಟೆತಸ್ಕೋಪು, ಬಾಗಿಲ ಮೇಲೆ ನನ್ನ ಹೆಸರು. ಬಯಾಲಜಿಯಲ್ಲಿ ಪದವಿ ಮುಗಿಸಿ ಎರಡು ಸಲ ಮೆಡಿಸಿನ್‌ಗೆ ಅರ್ಜಿ ಹಾಕಿದೆ. ಎರಡು ಸಲವೂ ಇಲ್ಲವೆಂದರು. ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಜನರನ್ನು ಕುರ್ಚಿಯಲ್ಲಿ ಕೂರಿಸಿ, "ಕೆಳಗಿನ ಸಾಲು ಓದಿ" ಎನ್ನುತ್ತಿದ್ದೆ. ಆಗ ಪೂರ್ವ ಲಂಡನ್ನಿನ ಒಂದು ಯೂನಿವರ್ಸಿಟಿ ಹೊಸ ಕೋರ್ಸು ತೆರೆಯುತ್ತಿದೆ ಎಂದು ತಿಳಿಯಿತು. ಬೇರೆ ಪದವಿ ಮುಗಿಸಿ, ತಡವಾಗಿ ಡಾಕ್ಟರಾಗಬೇಕೆನ್ನುವವರನ್ನು ಒಂದು ವರ್ಷದಲ್ಲಿ ತಯಾರು ಮಾಡುವ ಕೋರ್ಸು. ಮೊದಲ ಬ್ಯಾಚಿನಲ್ಲಿ ಹದಿನಾಲ್ಕು ಜನ. ವರ್ಷದ ಕೊನೆಗೆ ಅವರಲ್ಲಿ ಒಬ್ಬರಿಗೆ, ಒಬ್ಬರಿಗೇ, ಜೊತೆಯ ಮೆಡಿಕಲ್ ಕಾಲೇಜಿನಲ್ಲಿ ಕಾದಿಟ್ಟ ಸೀಟು. ಉಳಿದವರು ಮತ್ತೆ ಎಲ್ಲರಂತೆ ಅರ್ಜಿ ಹಾಕಬೇಕು.

ಆ ಸೀಟನ್ನು ನಾನು ಮೊದಲ ದಿನವೇ ಮನಸ್ಸಿನಲ್ಲಿ ನನ್ನ ಹೆಸರಿಗೆ ಬರೆದುಕೊಂಡಿದ್ದೆ. ಮೊದಲ ದಿನವೇ ಧೃತಿ ಬಂದು ನನ್ನ ಪಕ್ಕದಲ್ಲಿ ಕೂತಳು.

"ನೀವು ಕನ್ನಡದವ್ರಾ? ಓ ಮೈ ಗಾಡ್! ನಮ್ದು ಮೈಸೂರು. ಐ ಮೀನ್, ಅಪ್ಪ ಅಮ್ಮಂದು. ನಾನು ಇಲ್ಲೇ, ಲಂಡನ್ನಿನ ಪಿನ್ನರ್."

ಅಪ್ಪ ಹೃದಯದ ಡಾಕ್ಟರು, ಅಮ್ಮ ಮಕ್ಕಳ ಡಾಕ್ಟರು. ಅವಳು ಮಾತ್ರ ಚಿತ್ರಕಲೆಯ ಇತಿಹಾಸ ಓದಿ, ಇಪ್ಪತ್ತೈದಕ್ಕೆ ಎಚ್ಚರವಾದವಳಂತೆ ಮೆಡಿಸಿನ್ ಕಡೆ ತಿರುಗಿದ್ದಳು. ಒಮ್ಮೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ನಮ್ಮ ಮನೆಯಲ್ಲಿ ಅಪ್ಪ ಅವ್ವ ಕಸದ ಡಬ್ಬಿ ಯಾವ ವಾರ ಹೊರಗಿಡಬೇಕೆಂದು ಜಗಳಾಡುವ ಹಾಗೆ, ಅಲ್ಲಿ ಅವಳ ಅಪ್ಪ ಅಮ್ಮ ಹುಳಿಯನ್ನ ಬಡಿಸಿಕೊಳ್ಳುತ್ತ ಯಾರದೋ ಹೃದಯದ ಕವಾಟದ ಬಗ್ಗೆ ಜಗಳಾಡುತ್ತಿದ್ದರು. ಧೃತಿ ಹಪ್ಪಳ ಮುರಿಯುತ್ತ, "ಅಪ್ಪಾ, ಪ್ಲೀಸ್, ಬೋರಿಂಗ್" ಅಂದಳು. ಬೋರಿಂಗಂತೆ! ಆ ಮೇಜಿನಡಿ ಬೆಕ್ಕಾಗಿ ಬಿದ್ದಿರಲು ನಾನು ತಯಾರಿದ್ದೆ. ಎಲಿಜಬೆತ್ ಲೈನಿನ ರೈಲಿನಲ್ಲಿ ವಾಪಸು ಬರುವಾಗ ಹೊಟ್ಟೆ ತುಂಬ ಉಂಡಿದ್ದರೂ ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು. ಹುಳಿಯನ್ನದ ಖಾರವೆಂದು ನನಗೆ ನಾನೇ ಹೇಳಿಕೊಂಡೆ. ಮಂಜು ಬಿದ್ದೈತಲ್ಲ, ಅದು.

ಕೋರ್ಸು ಇನ್ನೂ ಕಟ್ಟುತ್ತಿರುವ ಮನೆಯಂತಿತ್ತು. ಲ್ಯಾಬಿನಲ್ಲಿ ಸಿಂಕು ಇತ್ತು, ನಲ್ಲಿಗೆ ನೀರು ಬಂದಿರಲಿಲ್ಲ. ಕೈಪಿಡಿಯ ಮೇಲೆ 'ಒಂಬತ್ತನೇ ಕರಡು' ಎಂದಿತ್ತು, ಮರುವಾರ ಹತ್ತನೆಯದು ಬರುತ್ತಿತ್ತು. ಕೋರ್ಸಿನ ಮುಖ್ಯಸ್ಥೆ ಡಾಕ್ಟರ್ ವಿಟಾಕರ್ ಪ್ರತಿ ಬುಧವಾರ ಸಮಿತಿ ಕರೆದು, ಮುಂದೇನು ಸೇರಿಸಬೇಕೆಂದು ನಮ್ಮನ್ನೇ ಕೇಳುತ್ತಿದ್ದರು. ವಿದ್ಯಾರ್ಥಿಗಳ ಪರವಾಗಿ ನಾನು, ಧೃತಿ.

'ಹಿರಿಯರ ಗಂಟೆ' ನನ್ನ ಯೋಚನೆ. ಬಾಡಿಗೆ ನಟರು ರೋಗಿಗಳಾಗಿ ನಟಿಸುವುದು ಬೇಡ, ನಮ್ಮ ಬೀದಿಗಳ ಮುದುಕ ಮುದುಕಿಯರೇ ಬರಲಿ, ತಮ್ಮ ಹಳೆಯ ಬ್ಯಾನಿಯೊಂದನ್ನು ತಮ್ಮ ಮಾತಿನಲ್ಲೇ ಹೇಳಲಿ, ಕೇಳಲು ಕಲಿಯೋಣ ಅಂದೆ. ಡಾಕ್ಟರ್ ವಿಟಾಕರ್ ಎದ್ದು ನಿಂತು ನನ್ನ ವಾಕ್ಯವನ್ನೇ ಬೋರ್ಡಿನ ಮೇಲೆ ಬರೆದರು. ಧೃತಿ ಅಂದಳು, "ಅವರಿಗೆ ಕೈ ಇರೋ ಕುರ್ಚಿ ಬೇಕು. ಇಲ್ದಿದ್ರೆ ಏಳೋಕೆ ಕಷ್ಟ." ಹನ್ನೊಂದನೇ ಕರಡಿನಲ್ಲಿ ನನ್ನ ವಾಕ್ಯ ಯೂನಿವರ್ಸಿಟಿಯ ವಾಕ್ಯವಾಗಿ ಬಂತು. ಕುರ್ಚಿಯ ಮುಂದೆ ಮಾತ್ರ 'ಧೃತಿಯ ಸಲಹೆ' ಎಂದಿತ್ತು. ಆ ಪುಟವನ್ನು ಎಷ್ಟು ಸಲ ಓದಿದೆನೆಂದು ಹೇಳಲು ನಾಚಿಕೆ.

ಮೊದಲ ಹಿರಿಯರ ಗಂಟೆಗೆ ನಮ್ಮಜ್ಜಿಯೂ ಬಂದಳು. ಇಳಕಲ್ ಸೀರೆ, ಹಣೆಗೆ ವಿಭೂತಿ, ಮೇಲೆ ಅಪ್ಪನ ಹಳೆಯ ಜಾಕೀಟು. ಅವಳು ಹೇಳಬೇಕಾಗಿದ್ದದ್ದು ಮೊಣಕಾಲು ನೋವಿನ ಕತೆ. ಸ್ವಂತ ಮೊಮ್ಮಗಳು ಕೇಳುವಂತಿಲ್ಲವೆಂಬ ನಿಯಮದಿಂದ ಧೃತಿ ಎದುರು ಕೂತಳು, ನಾನು ದೂರದಲ್ಲಿ.

ರೋಗಿ ಮಾತಾಡುವಾಗ ಸುಮ್ಮನಿರಿ, ಅವರು ನಿಂತರೆ ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿ ಎಂದು ನಮಗೆ ಕಲಿಸಿದ್ದರು. ಧೃತಿ ಕಲಿಸಿದಂತೆಯೇ ಮಾಡಿದಳು. ಕಣ್ಣರಳಿಸಿ ಸುಮ್ಮನೆ ಕೂತಳು. ಅಜ್ಜಿ, "ನಮ್ಮ ಊರಾಗ ಒಂದ ಬಾವಿ ಇತ್ತವಾ" ಎಂದು ಶುರುಮಾಡಿ ತಡೆದಳು. ಧೃತಿ ಎಣಿಸಿದಳು. "ಆ ಬಾವೀ ಪಾವಟಗಿ ಮ್ಯಾಲ ಜಾರಿದ್ಯಾ." ಮತ್ತೆ ತಡೆದಳು. ಧೃತಿ ಮತ್ತೆ ಎಣಿಸಿದಳು. ಅಜ್ಜಿ ಗೋಡೆ ನೋಡಿ, ಧೃತಿಯನ್ನು ನೋಡಿ, ಜಾಕೀಟಿನ ಗುಂಡಿ ಹಾಕಿಕೊಂಡಳು. "ಮುಗೀತವಾ."

ಒಂದೇ ಒಂದು ಹೂಂ! ಅಷ್ಟೇ ಬೇಕಾಗಿತ್ತು. ಇಡೀ ಕೋಣೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಹೊರಗೆ ಬಂದ ಮೇಲೆ ಧೃತಿಯ ಕಣ್ಣು ತುಂಬಿತ್ತು. "ಅಂಕಿತಾ, ನಾನೇನು ತಪ್ಪು ಮಾಡ್ದೆ? ಹೇಳೇ."

"ಏನಿಲ್ಲ. ಅಜ್ಜಿಗೆ ದಣಿವಾಗಿತ್ತು," ಅಂದೆ.

ಬಸ್ಸಿನಲ್ಲಿ ಅಜ್ಜಿ ಕೇಳಿದಳು, "ಆ ಹುಡುಗಿಗಿ ಕಿವಿ ಕೇಳಸೂದಿಲ್ಲೇನು ಪಾಪ?" ನಾನು ನಕ್ಕು ನಕ್ಕು ಸುಸ್ತಾದೆ. ಅಷ್ಟು ಹಗುರಾಗಿ ನಾನು ಬಹಳ ದಿನದಿಂದ ನಕ್ಕಿರಲಿಲ್ಲ.

ಆದರೆ ಧೃತಿ ಬಿಡುವವಳಲ್ಲ. ಗುರುವಾರ ಮಧ್ಯಾಹ್ನ ನಾನು ಅಂಗಡಿಯಲ್ಲಿ ಇರುತ್ತಿದ್ದೆ. ಒಂದು ಗುರುವಾರ ಬೇಗ ಮನೆಗೆ ಬಂದರೆ ಹೊಸಿಲ ಬಳಿ ಅವಳ ಬೂಟುಗಳು. ಅಡುಗೆಮನೆಯ ನೆಲದ ಮೇಲೆ, ನನ್ನ ಮಣೆಯ ಮೇಲೆ, ನಾನು ಐದು ವರ್ಷದವಳಿದ್ದಾಗಿನಿಂದ ಕೂತ ಮಣೆಯ ಮೇಲೆ, ಧೃತಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಆಫ್ರಿಕಾ ಖಂಡದ ಆಕಾರಕ್ಕೆ ಬಂದಿತ್ತು. ಅಜ್ಜಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

"ಬಾರವಾ ಅಂಕೂ. ಈಕಿ ಮೂರು ವಾರದಿಂದ ಬರಾಕತ್ತಾಳ. ನಿನಗ ಹೇಳಬ್ಯಾಡ ಅಂದಿದ್ಲು, ನಮ್ಮ ಕಡೀ ಮಾತು ಕಲತ ಮ್ಯಾಲ ನಿನಗ ಗಾಬರಿ ಮಾಡತಾಳಂತ."

"ಸರ್ಪ್ರೈಸ್," ಅಂದಳು ಧೃತಿ, ಹಿಟ್ಟಿನ ಕೈ ಎತ್ತಿ.

ಅಜ್ಜಿ ಅವಳಿಗೆ ಕೆಂಡದ ಹುಡುಗಿಯ ಕತೆ ಹೇಳುತ್ತಿದ್ದಳು. ನನ್ನ ಕತೆ! ಅದೂ ಧೃತಿ ಹೂಂ ಅನ್ನದೆ ಸಾಲು ಸಾಲಿಗೆ ಅಡ್ಡ ಬಾಯಿ ಹಾಕುತ್ತಿದ್ದಳು, ಅಜ್ಜಿ ಅದನ್ನು ಸಹಿಸಿಕೊಂಡಿದ್ದಳು.

"ಯಾಕೆ ಕದ್ದಳು ಅಜ್ಜಿ? ಕೇಳಿದ್ರೆ ಪಕ್ಕದ ಮನೆಯವ್ರು ಕೊಡ್ತಿರಲಿಲ್ವಾ?"

ಅಜ್ಜಿ ಬಾಯಿಂದ ಸೆರಗು ತೆಗೆದಳು. ಆಮೇಲೆ ಮೆಲ್ಲಗೆ ಅಂದಳು, "ಕೊಡತಿದ್ರವಾ. ಕೆಂಡಕ್ಕ ಯಾರರ ಇಲ್ಲ ಅಂತಾರೇನು? ಮುಂಜಾನೆದ್ದು ಓಣಿಯಾಗ ಒಂದ ಒಲಿಯಿಂದ ಇನ್ನೊಂದ ಒಲಿಗಿ ಕೆಂಡ ಹೊಕ್ಕಿದ್ದುವು. ಇಷ್ಟ ವರ್ಷ ಆತು, ಇದನ್ನ ಯಾರೂ ಕೇಳಿದ್ದಿಲ್ಲ ನೋಡು."

ಯಾರೂ ಅಂದರೆ ನಾನು. ಉಡುಪು ಬದಲಿಸುವ ನೆಪ ಹೇಳಿ ಮೇಲಕ್ಕೆ ಹೋದೆ. ಏಳನೇ ಮೆಟ್ಟಿಲ ಮೇಲೆ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಇರಲಿ, ಮಣೆ ಹೋಗಲಿ, ಮೆಟ್ಟಿಲಾದರೂ ನನ್ನದೇ.

ಏಕೆಂದರೆ ಮೆಟ್ಟಿಲ ಕತೆಗಳು ನನಗಷ್ಟೇ. ನಮ್ಮ ಮನೆಗೆ ಹದಿಮೂರು ಮೆಟ್ಟಿಲು. ಹೋದ ಚಳಿಗಾಲದಿಂದ, ಊಟವಾದ ಮೇಲೆ ಅಡ್ಡಾಗಲು ಮೇಲೆ ಹೋಗುವಾಗ, ಅಜ್ಜಿ ಏಳನೇ ಮೆಟ್ಟಿಲಲ್ಲಿ ಕೂತುಬಿಡುತ್ತಿದ್ದಳು. "ಬಾರ ಅಂಕೂ, ಒಂದ ಸಣ್ಣ ಕತಿ ಹೇಳತೀನಿ." ಸಣ್ಣ ಸಣ್ಣ ಕತೆಗಳು, ಐದು ನಿಮಿಷದವು. ಮಾತು ನಿಧಾನ, ನಡುನಡುವೆ ತಡೆ. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು ಹೂಂ ಹೂಂ ಅನ್ನುತ್ತ, ದೊಡ್ಡವಳಾದ ಮೇಲೂ ನನಗಾಗಿ ಹೊಸ ಪದ್ಧತಿಯೊಂದನ್ನು ಅಜ್ಜಿ ಹುಟ್ಟಿಸಿದಳಲ್ಲ ಎಂದು ಹಿಗ್ಗುತ್ತಿದ್ದೆ.

ಕೊನೆಯ ಪರೀಕ್ಷೆ ಮೇ ತಿಂಗಳಲ್ಲಿ. ಬರವಣಿಗೆಯಲ್ಲಿ ನಾನೇ ಮುಂದಿದ್ದೆ, ಧೃತಿ ಎರಡಂಕ ಹಿಂದೆ. ಉಳಿದದ್ದು ಹಿರಿಯರ ಗಂಟೆಯೊಂದೇ. ಬೆಳಿಗ್ಗೆ ನನ್ನ ಪಾಲಿಗೆ ಪಂಜಾಬಿನ ಅಜ್ಜರೊಬ್ಬರು ಬಂದರು, ಇಂಗ್ಲಿಷಿನಲ್ಲೇ ಹೇಳಿದರು, ನಾನು ಪ್ರತಿ ಸಾಲಿಗೂ ತಲೆದೂಗಿ ಹೂಂ ಅಂದೆ, ಡಾಕ್ಟರ್ ವಿಟಾಕರ್ ಮೆಚ್ಚಿ ಬರೆದುಕೊಂಡರು. ಮಧ್ಯಾಹ್ನ ಚೀಟಿ ಎತ್ತಿದಾಗ ಧೃತಿಗೆ ಬಂದದ್ದು ಬಸಲಿಂಗವ್ವ.

ಕನ್ನಡದ ದುಭಾಷಿ ಯಾರೂ ಸಿಕ್ಕಿರಲಿಲ್ಲ. ಹೊಸ ಕೋರ್ಸು, ನಿಯಮಗಳು ಇನ್ನೂ ಹಸಿ ಸಿಮೆಂಟು. ಡಾಕ್ಟರ್ ವಿಟಾಕರ್ ನನ್ನ ಕಡೆ ತಿರುಗಿ, "ಅಂಕಿತಾ, ಪ್ರಶ್ನೆ ಕೇಳುವುದು ಧೃತಿ. ನೀನು ನನಗೆ ಅನುವಾದಿಸಿದರೆ ಸಾಕು. ಆಗುತ್ತದಲ್ಲ?" ಎಂದರು.

ಆಗುತ್ತದೆ ಅಂದೆ. ಕನಸಿನಲ್ಲಿ ಕೂಡ ನಾನು ಇಷ್ಟು ಕೇಳಿರಲಿಲ್ಲ. ಧೃತಿಯ ಅಂಕವೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು.

ಕೈ ಇರುವ ಕುರ್ಚಿಯಲ್ಲಿ ಅಜ್ಜಿ ಕೂತಳು. ಧೃತಿ ಕುರ್ಚಿಯನ್ನು ಹತ್ತಿರಕ್ಕೆಳೆದಳು. "ಅಜ್ಜಿ, ಮೊಣಕಾಲು ಹೇಗಿದೆ?"

"ಆರಾಮ ಐತವಾ," ಅಂದಳು ಅಜ್ಜಿ. ಬಾವಿ ಬಂತು, ಪಾವಟಿಗೆ ಬಂತು, ಜಾರಿದ್ದೂ ಬಂತು. ಧೃತಿ ಈಗ ಹೂಂ ಅನ್ನುತ್ತಿದ್ದಳು, ತಪ್ಪು ತಪ್ಪು ಜಾಗದಲ್ಲಿ. ನಾನು ಅನುವಾದಿಸುತ್ತ ಹೋದೆ. ಎಲ್ಲ ಸಾಧಾರಣವಾಗಿತ್ತು, ಸಾಧಾರಣ ಅಂಕದ್ದಾಗಿತ್ತು, ನನ್ನೊಳಗೆ ಹಬ್ಬವಾಗಿತ್ತು.

ಆಗ ಧೃತಿ ಪೆನ್ನು ಕೆಳಗಿಟ್ಟಳು. "ಅಜ್ಜಿ, ಒಂದು ಕೇಳ್ಲಾ? ಗುರುವಾರ ನಾನು ಬಂದಾಗೆಲ್ಲ ನೋಡಿದೀನಿ, ಊಟ ಆಗಿ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಕೂತ್ಕೋತೀರಲ್ಲ. ಪ್ರತಿ ಸಲ. ಯಾಕೆ? ಮೊಣಕಾಲಿಗಾ?"

ಅಜ್ಜಿ ನನ್ನನ್ನು ನೋಡಿದಳು. ಆಮೇಲೆ ಅವಳನ್ನು.

"ಮೊಣಕಾಲಿಗಲ್ಲವಾ. ಎದಿ ಹಿಡಕೊಂತೈತಿ. ಇಲ್ಲಿ, ಕಲ್ಲ ಇಟ್ಟಂಗ. ಎಡಗೈ ಜೋಮ ಹಿಡೀತೈತಿ. ಒಂದ ಐದ ಮಿನಿಟ್ ಕುಂತರ ಕಡಿಮಿ ಆಗತೈತಿ. ಸುಮ್ಮ ಕುಂತರ ಈಕಿಗಿ ಗೊತ್ತಾಗತೈತಲ್ಲ? ಅದಕ್ಕ ಕತಿ ಹೇಳತೀನಿ. ಈಕಿ ಡಾಕ್ಟರ್ ಆಗಾಕ ಓದಾಕತ್ತಾಳ, ನಾ ಬ್ಯಾನಿ ಅಂದ್ರ ಪುಸ್ತಕ ಮುಚ್ಚಿಟ್ಟು ನನ್ನ ಮುಂದ ಕುಂದರತಾಳ. ಹೂಂ ಅಂತಿರತಾಳ ಪಾಪ, ಗೊತ್ತಾಗೂದಿಲ್ಲ."

ಡಾಕ್ಟರ್ ವಿಟಾಕರ್ ಪೆನ್ನು ಹಿಡಿದು ನನ್ನತ್ತ ನೋಡಿದರು. ಧೃತಿಯೂ ನನ್ನನ್ನೇ ನೋಡುತ್ತಿದ್ದಳು. ಅಜ್ಜಿಯ ಮಾತು ಅವಳಿಗೆ ಎಷ್ಟು ಗೊತ್ತಾಯಿತೋ, ಎಷ್ಟು ಬಿಟ್ಟುಹೋಯಿತೋ.

ನಾನು ಬಾಯಿ ತೆರೆಯಲಿಲ್ಲ.

ಅಜ್ಜಿಯ ಜೀವದ ಚಿಂತೆಯಿಂದ ಮಾತು ನಿಂತಿತೆಂದು ಬರೆದರೆ ಚೆನ್ನಾಗಿರುತ್ತಿತ್ತು. ಮೊದಲು ಬಂದದ್ದು ಆ ಚಿಂತೆಯಲ್ಲ. ಮೊದಲು ಬಂದದ್ದು: ಮೆಟ್ಟಿಲೂ ಹೋಯಿತು, ಅದನ್ನೂ ಇವಳೇ ತೆಗೆದುಕೊಂಡಳು. ಎರಡನೆಯದು: ಮೊಣಕಾಲು ನೋವಂತೆ, ಮೆಟ್ಟಿಲು ಹತ್ತುವಾಗ ಜಾಸ್ತಿಯಂತೆ ಎಂದು ಹೇಳಿಬಿಟ್ಟರೆ ಈ ಕೋಣೆಯಲ್ಲಿ ಯಾರು ನನ್ನನ್ನು ಸುಳ್ಳಿ ಅನ್ನುತ್ತಾರೆ? ಸಂಜೆ ನಾನೇ ಅಜ್ಜಿಯನ್ನು ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರಾಯಿತು. ಬ್ಯಾನಿ ನಾನೇ ಕಂಡುಹಿಡಿದ ಹಾಗೂ ಆಯಿತು. ಇಷ್ಟೆಲ್ಲ ಯೋಚನೆ ಎಂಟು ಎಣಿಸುವಷ್ಟರಲ್ಲಿ. ನಮಗೆ ಕಲಿಸಿದ ಮೌನ ಅಷ್ಟು ಉದ್ದವೆಂದು ನನಗೆ ಅಂದೇ ಗೊತ್ತಾದದ್ದು.

ಅಜ್ಜಿ ಮುಂದಕ್ಕೆ ಬಾಗಿ ನನ್ನ ಮೊಣಕೈ ಮುಟ್ಟಿದಳು. "ಯಾಕ ಅಂಕೂ? ಹೂಂ ಅನ್ನವಲ್ಲಿ?"

ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಅಜ್ಜಿಯ ಮಾತಿಗೆ ನನ್ನ ಹೂಂ ತಪ್ಪಿತ್ತು. ಅದಕ್ಕೇ ಇರಬೇಕು, ಅವಳು ಹೇಳಿದ್ದು ಮೊದಲ ಸಲ ಪೂರಾ ಕಿವಿಗೆ ಬಿದ್ದಿತ್ತು. ಎದೆಯ ಮೇಲಿನ ಕಲ್ಲು. ಎಡಗೈ. ಐದು ನಿಮಿಷ. ಆ ಅಧ್ಯಾಯದಲ್ಲಿ ನನಗೆ ನೂರಕ್ಕೆ ತೊಂಬತ್ತಾರು ಬಂದಿತ್ತು.

"ಹೂಂ," ಅಂದೆ. ಆಮೇಲೆ ಡಾಕ್ಟರ್ ವಿಟಾಕರ್ ಕಡೆ ತಿರುಗಿ ಒಂದಕ್ಷರ ಬಿಡದೆ ಹೇಳಿದೆ. ಕಲ್ಲು ಇಟ್ಟ ಹಾಗೆ ಎಂಬುದನ್ನೂ, ಸುಮ್ಮನೆ ಕೂತರೆ ಮೊಮ್ಮಗಳಿಗೆ ತಿಳಿಯುತ್ತದೆಂದು ಕತೆ ಹೇಳುತ್ತಾಳೆ ಎಂಬುದನ್ನೂ, ಆ ಮೊಮ್ಮಗಳು ಹೂಂ ಅನ್ನುತ್ತಿರುತ್ತಾಳೆ, ಅವಳಿಗೆ ತಿಳಿಯುವುದಿಲ್ಲ ಎಂಬುದನ್ನೂ. ಪರೀಕ್ಷೆ ಅಲ್ಲಿಗೇ ನಿಂತಿತು. ಅಂದೇ ಆಸ್ಪತ್ರೆ, ಮರುದಿನ ತಪಾಸಣೆ, ನಾಲ್ಕನೇ ದಿನ ಹೃದಯದ ರಕ್ತನಾಳವೊಂದಕ್ಕೆ ಸ್ಟೆಂಟು. ಇನ್ನೊಂದು ಚಳಿಗಾಲ ಹೀಗೇ ಕಳೆದಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟರು.

ಸೀಟು ಧೃತಿಗೆ ಹೋಯಿತು. ಹೋಗಬೇಕಾದದ್ದೇ ಎಂದು ಎಲ್ಲರೂ ಅಂದರು. ನಾನೂ ಅಂದೆ, ಜೋರಾಗಿಯೇ ಅಂದೆ. ಅವಳು ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನನ್ನು ತಬ್ಬಿಕೊಂಡು ಅತ್ತಳು. "ನಿನ್ನ ಐಡಿಯಾ ಕಣೇ ಇದೆಲ್ಲ. ನಿಂದೇ." ಅವಳು ಕೆಟ್ಟವಳಾಗಿದ್ದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಅವಳ ಭುಜದ ಮೇಲೆ ಗಲ್ಲ ಊರಿ ನಾನು ನೋಡುತ್ತಿದ್ದದ್ದು ಅವಳ ಕೋಟಿನ ಕಾಲರು. ಎಷ್ಟು ಚಂದದ ಕೋಟು ಅದು.

ಈಗ ಅಜ್ಜಿಯ ಮಂಚ ಕೆಳಗಿನ ಮುಂದಿನ ಕೋಣೆಗೆ ಬಂದಿದೆ. ಮೆಟ್ಟಿಲು ಹತ್ತಬಹುದು ಎಂದು ಡಾಕ್ಟರು ಹೇಳಿದರೂ ಅವ್ವ ಕೇಳುವುದಿಲ್ಲ. ಏಳನೇ ಮೆಟ್ಟಿಲಲ್ಲಿ ಈಗ ಯಾರೂ ಕೂರುವುದಿಲ್ಲ. ಹೋದ ಭಾನುವಾರ ಮಧ್ಯಾಹ್ನ ನಾನು ಮೂರನೇ ಸಲದ ಅರ್ಜಿ ತುಂಬುತ್ತ ಮಂಚದ ಕಾಲಡಿ ಕೂತಿದ್ದೆ. 'ಬೇರೆಯವರಿಂದ ಕಲಿತ ಒಂದು ಪಾಠ ಬರೆಯಿರಿ' ಎಂಬ ಖಾನೆಯ ಮುಂದೆ ಪೆನ್ನು ನಿಂತಿತ್ತು.

"ಕತಿ ಹೇಳಲೇನು?" ಅಂದಳು ಅಜ್ಜಿ.

"ಬ್ಯಾಡ ಅಜ್ಜಿ. ಇವತ್ತು ನಾ ಹೇಳತೀನಿ."

ಅಜ್ಜಿ ಎದ್ದು ದಿಂಬಿಗೆ ಒರಗಿ ಕೂತಳು. ಇಳಕಲ್ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು, ತಾನೇ ಕೂಸಾದವಳ ಹಾಗೆ. "ಹೇಳು ಮತ್ತ. ನಾ ಹೂಂ ಅಂತೀನಿ."

"ಒಂದೂರಾಗ ಒಬ್ಬಾಕಿ ಹುಡುಗಿ ಇದ್ಲು."

"ಹೂಂ."

"ಆಕಿಗೆ ಒಬ್ಬಾಕಿ ಗೆಳತಿ ಇದ್ಲು. ಗೆಳತಿ ಒಂದಿನ ಅತ್ಕೋತ ಕೇಳಿದ್ಲು, ನಾನೇನ ತಪ್ಪ ಮಾಡ್ದೆ ಅಂತ."

"ಹೂಂ."

"ಈಕಿಗೆ ಗೊತ್ತಿತ್ತು ಅಜ್ಜಿ. ಒಂದ ಹೂಂ ಅಂದಿದ್ರ ಸಾಕಿತ್ತು ಅಂತ ಗೊತ್ತಿತ್ತು. ಅಜ್ಜಿಗೆ ದಣಿವಾಗಿತ್ತು ಅಂತ ಸುಳ್ಳ ಹೇಳಿದ್ಲು. ಆಮ್ಯಾಲ ಪರೀಕ್ಷೆ ದಿನ ಅದಕ್ಕಿಂತ ದೊಡ್ಡ ಸುಳ್ಳ ಬಾಯಿತನಕ ಬಂದಿತ್ತು."

ನಾನು ಹೂಂ ಎಂಬುದಕ್ಕೆ ಕಾದೆ. ಬರಲಿಲ್ಲ. ತಲೆ ಎತ್ತಿ ನೋಡಿದರೆ ಅಜ್ಜಿ ನನ್ನನ್ನೇ ದಿಟ್ಟಿಸುತ್ತಿದ್ದಳು.

"ಯಾಕ?" ಅಂದಳು.

ನೋಡಿ, ಆ 'ಯಾಕ' ಅವಳದಲ್ಲ. ಇಷ್ಟು ವರ್ಷ ಅಜ್ಜಿ ಯಾರ ಕತೆಗೂ ನಡುವೆ ಬಾಯಿ ಹಾಕಿದವಳಲ್ಲ. ಅದು ಗುರುವಾರದ ಮಧ್ಯಾಹ್ನಗಳಲ್ಲಿ, ನನ್ನ ಮಣೆಯ ಮೇಲೆ ಕೂತವಳು ಕಲಿಸಿಹೋದದ್ದು. ಹೊಟ್ಟೆಯೊಳಗೆ ಮತ್ತೆ ಸುರ್ರೆಂದಿತು.

"ಯಾಕವಾ, ಹೊಗಿ ಬರಾಕತ್ತೈತಿ," ಅಂದಳು ಅಜ್ಜಿ, ನಗುತ್ತ.

"ಹೂಂ," ಅಂದೆ. "ಕೆಂಡ ಐತಿ ಅಜ್ಜಿ."

ಅಜ್ಜಿ ಸರಿದು ಮಂಚದ ಮೇಲೆ ಜಾಗ ಮಾಡಿದಳು. ಅರ್ಜಿಯನ್ನು ಪಕ್ಕಕ್ಕಿಟ್ಟೆ. ಧೃತಿಯ ನಂಬರು ಒತ್ತಿದೆ. ಮೊದಲು ಅವಳಿಗೆ ಹೂಂ ಎಂಬುದರ ಜಾಗ ಹೇಳಿಕೊಡಬೇಕಿತ್ತು, ಅವಳಿನ್ನೂ ಅದನ್ನು ತಪ್ಪು ತಪ್ಪು ಜಾಗದಲ್ಲೇ ಅನ್ನುತ್ತಾಳೆ. ಆಮೇಲೆ ಒಂದು ಪ್ರಶ್ನೆ ಕೇಳುವುದಿತ್ತು: ಕದಿಯದೆ ಕೇಳಿದರೆ ಒಂದು ಕೆಂಡ ಕೊಡುತ್ತೀಯಾ ಎಂದು.